ಹುಡುಕಿದರೆ ಸಿಗದ ಹೆಸರು ಪಟ್ಟಿಯಲ್ಲೇ ಇರುತ್ತದೆ

ಒಂದು ಸಣ್ಣ ಪರೀಕ್ಷೆ. ಬೀದರ್, ಬಳ್ಳಾರಿ, ಬ್ಯಾಡಗಿ, ಬಸವಕಲ್ಯಾಣ, ಬಾದಾಮಿ. ಈ ಐದು ಊರುಗಳನ್ನು ಅಕಾರಾದಿಯಾಗಿ ಜೋಡಿಸಿ. ಕನ್ನಡ ಶಾಲೆಯಲ್ಲಿ ನಾಲ್ಕು ವರ್ಷ ಕೂತವರು ಯಾರೇ ಆದರೂ ಬಸವಕಲ್ಯಾಣವನ್ನು ಮೊದಲು ಬರೆಯುತ್ತಾರೆ, ಆಮೇಲೆ ಬಳ್ಳಾರಿ, ಬಾದಾಮಿ, ಬೀದರ್, ಕೊನೆಗೆ ಬ್ಯಾಡಗಿ. ಯಾಕೆಂದರೆ ನಾವು ಬಾಯಿಪಾಠ ಮಾಡಿದ್ದೇ ಹಾಗೆ: ಯ ರ ಲ ವ ಶ ಷ ಸ ಹ ಳ. ಳ ಬರುವುದು ಕಟ್ಟಕಡೆಗೆ. ಹಾಗಾಗಿ ‘ಬಸ’ ಮುಗಿದ ಮೇಲೇ ‘ಬಳ’.

ಈಗ ಇದೇ ಐದು ಹೆಸರನ್ನು ಒಂದು ಡೇಟಾಬೇಸಿಗೆ ತುಂಬಿ, ಯಾವ ಸೆಟ್ಟಿಂಗನ್ನೂ ಮುಟ್ಟದೆ ವಿಂಗಡಿಸಿ ನೋಡಿ. ಬಹಳ ಕಡೆ ಬಳ್ಳಾರಿ ಎಲ್ಲರಿಗಿಂತ ಮುಂದೆ ಬಂದು ಕೂರುತ್ತದೆ. ಕಂಪ್ಯೂಟರ್ ತಪ್ಪು ಮಾಡಿಲ್ಲ. ಅದಕ್ಕೆ ಹೇಳಿಕೊಟ್ಟ ಕ್ರಮವೇ ಬೇರೆ, ಹೇಳಿಕೊಟ್ಟವರು ನಾವಲ್ಲ, ಅಷ್ಟೇ.

ಐದು ಊರುಗಳ ಪಟ್ಟಿಯಲ್ಲಿ ಇದು ತಮಾಷೆ. ಸಾವಿರ ಸದಸ್ಯರ ಪಟ್ಟಿಯಲ್ಲಿ, ಗ್ರಂಥಾಲಯದ ಪುಸ್ತಕಸೂಚಿಯಲ್ಲಿ, ಶಾಲೆಯ ಹಳೆಯ ವಿದ್ಯಾರ್ಥಿಗಳ ದಾಖಲೆಯಲ್ಲಿ ತಮಾಷೆಯಲ್ಲ. ಹೈದರಾಬಾದಿನಲ್ಲಿ, ಬೆಂಗಳೂರಿನಲ್ಲಿ, ಪುಣೆಯಲ್ಲಿ ಹಗಲೆಲ್ಲ ಬೇರೆಯವರ ಡೇಟಾಬೇಸ್ ನೋಡಿಕೊಳ್ಳುವ ನಮ್ಮಲ್ಲಿ ಅನೇಕರು ಸಂಜೆ ಹೊತ್ತು ಯಾವುದಾದರೊಂದು ಕನ್ನಡ ಸಂಘದ ಪಟ್ಟಿಗೆ ಕೈಹಾಕಿಯೇ ಇರುತ್ತೇವೆ. ಹುಡುಕುವ, ವಿಂಗಡಿಸುವ ಡೀಫಾಲ್ಟ್‌ಗಳನ್ನು ಎಲ್ಲಿ, ಹೇಗೆ ಉಳಿಸಬೇಕು ಎಂಬುದು ಅಲ್ಲಿ ಬಹಳ ಮುಖ್ಯವಾಗುತ್ತದೆ.

ಳ ಅಲ್ಲಿಗೆ ಹೋದದ್ದು ಹೇಗೆ

ಕಂಪ್ಯೂಟರಿಗೆ ಅಕ್ಷರ ಅಂದರೆ ಒಂದು ಸಂಖ್ಯೆ. ಯೂನಿಕೋಡ್‌ನಲ್ಲಿ ಕನ್ನಡದ ಪಾಲಿಗೆ 3200ರಿಂದ 3327ರವರೆಗಿನ ಸಂಖ್ಯೆಗಳಿವೆ. ಅ ಅಕ್ಷರ 3205, ಲ 3250, ಳ 3251, ವ 3253, ಹ 3257. ಯಾರೂ ಬೇರೆ ನಿಯಮ ಹೇಳದಿದ್ದರೆ ಕಂಪ್ಯೂಟರ್ ಈ ಸಂಖ್ಯೆಗಳನ್ನೇ ಹೋಲಿಸುತ್ತದೆ. ಆಗ ಳ ಬಂದು ಲ ಪಕ್ಕದಲ್ಲಿ, ವ ಗಿಂತ ಮೊದಲು ನಿಲ್ಲುತ್ತದೆ.

ಈ ಸಂಖ್ಯೆಗಳು ಆಕಾಶದಿಂದ ಇಳಿದದ್ದಲ್ಲ. ಇವುಗಳ ಮೂಲ ಇಸ್ಕಿ ಎಂಬ ಭಾರತೀಯ ಸಂಕೇತ ವ್ಯವಸ್ಥೆ. 1991ರಲ್ಲಿ ಅದು ಐಎಸ್ 13194 ಎಂಬ ಭಾರತೀಯ ಮಾನಕವೂ ಆಯಿತು. ದೇವನಾಗರಿಯಿಂದ ಮಲಯಾಳದವರೆಗೆ ಬೇರೆ ಬೇರೆ ಲಿಪಿಗಳಿಗೆ ಒಂದೇ ಕೋಷ್ಟಕ ಎಂಬುದು ಇಸ್ಕಿಯ ಜಾಣ್ಮೆ. ಎಲ್ಲ ಲಿಪಿಗಳ ‘ಕ’ ಒಂದೇ ಮನೆಯಲ್ಲಿ, ಎಲ್ಲ ಲಿಪಿಗಳ ‘ಳ’ ಒಂದೇ ಮನೆಯಲ್ಲಿ. ಇಸ್ಕಿಯ 1988ರ ರೂಪವನ್ನು ಯೂನಿಕೋಡ್ ಹಾಗೆಯೇ ಎತ್ತಿಕೊಂಡು ಪ್ರತಿ ಲಿಪಿಗೆ 128 ಮನೆಗಳ ಒಂದೊಂದು ಕೇರಿ ಕಟ್ಟಿತು. ಆ ಸಾಮಾನ್ಯ ಕೋಷ್ಟಕದಲ್ಲಿ ಲ, ಳ ಮತ್ತು ತಮಿಳಿನವರ ೞ ಕಾರ ಅಕ್ಕಪಕ್ಕದಲ್ಲಿದ್ದವು. ಕನ್ನಡದ ಕೇರಿಯಲ್ಲಿ 3252ನೆಯ ಮನೆ ಇಂದಿಗೂ ಖಾಲಿ. ಹಳಗನ್ನಡದ ೞ ಹೋಗಿ 3294ರಲ್ಲಿ ಕೂತಿದೆ. ಅದೂ ‘ಫಾ’ ಎಂಬ ತಪ್ಪು ಹೆಸರಿನಲ್ಲಿ. ಒಮ್ಮೆ ಕೊಟ್ಟ ಅಕ್ಷರದ ಹೆಸರನ್ನು ಬದಲಿಸುವುದಿಲ್ಲ ಎಂಬುದು ಯೂನಿಕೋಡ್‌ನ ನಿಯಮ, ಆದ್ದರಿಂದ ಆ ಹೆಸರು ಹಾಗೆಯೇ ಉಳಿದಿದೆ. ಮೊದಲ ದಿನದ ಒಂದು ಡೀಫಾಲ್ಟ್ ಎಷ್ಟು ದೂರ ಹಿಂಬಾಲಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹೈದರಾಬಾದಿನಲ್ಲಿರುವ ನಮಗೆ ಇಲ್ಲೊಂದು ಸ್ವಾರಸ್ಯವಿದೆ. ಯೂನಿಕೋಡ್‌ನಲ್ಲಿ ಕನ್ನಡದ ಪಕ್ಕದ ಮನೆಯೇ ತೆಲುಗು. ತೆಲುಗಿನ ಅಕ್ಷರದ ಸಂಖ್ಯೆಗೆ 128 ಕೂಡಿಸಿದರೆ ಅದೇ ಉಚ್ಚಾರದ ಕನ್ನಡ ಅಕ್ಷರ ಸಿಗುತ್ತದೆ. ತೆಲುಗು ಮಕ್ಕಳೂ ಳ ಕಾರವನ್ನು ಹ ಆದ ಮೇಲೆಯೇ ಕಲಿಯುತ್ತಾರೆ. ಅಂದರೆ ಆಫೀಸಿನಲ್ಲಿ ಪಕ್ಕದಲ್ಲಿ ಕೂರುವ ತೆಲುಗು ಗೆಳೆಯರಿಗೂ ಇದೇ ತಲೆನೋವು.

ಸಂಖ್ಯೆಯ ಕ್ರಮ ಬೇರೆ, ಭಾಷೆಯ ಕ್ರಮ ಬೇರೆ ಎಂಬುದು ಯೂನಿಕೋಡ್‌ನವರಿಗೂ ಗೊತ್ತು. ಅದಕ್ಕೆಂದೇ ಅವರು ಹೋಲಿಕೆಯ ಪ್ರತ್ಯೇಕ ನಿಯಮಾವಳಿ ಮಾಡಿದ್ದಾರೆ. ಭಾಷೆಗೊಂದು ವಿಂಗಡಣೆಯ ನಿಯಮ ಇಟ್ಟಿದ್ದಾರೆ. ಕನ್ನಡದ ನಿಯಮವೂ ಇದೆ. ಅದರಲ್ಲಿ ಳ ಕಾರ ಹ ಆದ ಮೇಲೆ ಬರುತ್ತದೆ, ಅನುಸ್ವಾರ ವಿಸರ್ಗಗಳು ಔ ಆದ ಮೇಲೆ ಬರುತ್ತವೆ. ಇಂಥ ನಿಯಮದ ಕಟ್ಟಿಗೆ ಡೇಟಾಬೇಸ್ ಭಾಷೆಯಲ್ಲಿ ಕೊಲೇಶನ್ ಎನ್ನುತ್ತಾರೆ. ಎರಡು ಪದಗಳಲ್ಲಿ ಯಾವುದು ಮೊದಲು ಎಂದು ಹೇಳುವುದು ಕೊಲೇಶನ್‌ನ ಒಂದು ಕೆಲಸ. ಎರಡು ಪದಗಳು ಒಂದೇ ಹೌದೋ ಅಲ್ಲವೋ ಎಂದು ಹೇಳುವುದು ಇನ್ನೊಂದು. ಮೊದಲನೆಯದು ವಿಂಗಡಣೆ, ಎರಡನೆಯದು ಹುಡುಕಾಟ. ಎರಡಕ್ಕೂ ಒಂದೇ ಸೆಟ್ಟಿಂಗ್ ಎಂಬುದನ್ನು ನಾವು ಮರೆಯುತ್ತೇವೆ.

ಸ್ವೀಡನ್ನಿನ ಕ್ರಮದಲ್ಲಿ ಕನ್ನಡದ ಹೆಸರು

ನಿಯಮ ಇದೆ ಸರಿ, ಅದನ್ನು ನಮ್ಮ ಡೇಟಾಬೇಸ್ ಬಳಸುತ್ತಿದೆಯೇ? ಇಲ್ಲಿ ಇತಿಹಾಸ ನೋಡಬೇಕು.

ಮೈಎಸ್‌ಕ್ಯೂಎಲ್ ಹುಟ್ಟಿದ್ದು 1995ರಲ್ಲಿ, ಸ್ವೀಡನ್ನಿನ ಕಂಪನಿಯೊಂದರಲ್ಲಿ. ಹಾಗಾಗಿ ಅದರ ಡೀಫಾಲ್ಟ್ ಕೊಲೇಶನ್ ಸ್ವೀಡಿಷ್ ಭಾಷೆಯದು. ಅಕ್ಷರಗಳ ಡೀಫಾಲ್ಟ್ ಸೆಟ್ ‘ಲ್ಯಾಟಿನ್1’, ಅಂದರೆ ಪಶ್ಚಿಮ ಯುರೋಪಿನ ಭಾಷೆಗಳದು. ಜಗತ್ತಿನ ಎಷ್ಟೋ ವೆಬ್‌ಸೈಟುಗಳು, ನಮ್ಮ ಸಂಘಗಳ ಸೈಟುಗಳೂ ಸೇರಿ, ಯಾರೂ ಆರಿಸದೆ, ಯಾರಿಗೂ ಗೊತ್ತಾಗದೆ ಸ್ವೀಡಿಷ್ ಕ್ರಮದಲ್ಲಿ ನಡೆದವು. 2018ರ ಏಪ್ರಿಲ್‌ನಲ್ಲಿ ಬಂದ 8.0 ಆವೃತ್ತಿಯಲ್ಲಿ ಮಾತ್ರ ಡೀಫಾಲ್ಟ್ ಯೂನಿಕೋಡ್ ಆಯಿತು. ಅದರಲ್ಲೂ ಭಾಷೆಗೊಂದರಂತೆ ಕೊಟ್ಟ ಕೊಲೇಶನ್‌ಗಳ ಪಟ್ಟಿಯಲ್ಲಿ ಕನ್ನಡವಿಲ್ಲ. ಐಸ್‌ಲ್ಯಾಂಡ್‌ನ ಭಾಷೆ ಇದೆ, ಎಸ್ಪರಾಂಟೊ ಇದೆ, ಯಾರೂ ಮನೆಮಾತಾಗಿ ಆಡದ ಲ್ಯಾಟಿನ್ ಕೂಡ ಇದೆ. ನಾವು ಯೂನಿಕೋಡ್‌ನ ಸಾಮಾನ್ಯ ನಿಯಮದಲ್ಲೇ ಕೆಲಸ ನಡೆಸಬೇಕು.

ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅಮೆರಿಕನ್ ಇಂಗ್ಲಿಷಿನ ಕಂಪ್ಯೂಟರಿನಲ್ಲಿ ಕಣ್ಣುಮುಚ್ಚಿ ನೆಕ್ಸ್ಟ್ ಒತ್ತುತ್ತ ಹೋದರೆ ಸಿಗುವುದು ಲ್ಯಾಟಿನ್ ಕೊಲೇಶನ್. ಭಾರತೀಯ ಲಿಪಿಗಳಿಗೆಂದು ‘ಇಂಡಿಕ್ ಜನರಲ್’ ಎಂಬ ಕೊಲೇಶನ್ ಇದೆ. ಆದರೆ ಅದು ಯೂನಿಕೋಡ್‌ಗೆ ಮಾತ್ರ ಮೀಸಲಾದ್ದರಿಂದ ಇಡೀ ಸರ್ವರಿಗೋ ಡೇಟಾಬೇಸಿಗೋ ಡೀಫಾಲ್ಟ್ ಮಾಡಲು ಬರುವುದಿಲ್ಲ, ಕಾಲಂ ಕಾಲಂಗೆ ಹೇಳಬೇಕು. ಫೋನಿನ ಸಣ್ಣ ಸಣ್ಣ ಆಪ್‌ಗಳ ಹೊಟ್ಟೆಯೊಳಗಿರುವ ಎಸ್‌ಕ್ಯೂಲೈಟ್‌ನ ಡೀಫಾಲ್ಟ್ ಅಂತೂ ಬರೀ ಸಂಖ್ಯೆಯ ಹೋಲಿಕೆ. ಅಲ್ಲಿ ಬಳ್ಳಾರಿ ಯಾವಾಗಲೂ ಬಸವಕಲ್ಯಾಣಕ್ಕಿಂತ ಮುಂದೆ.

ಕ್ರಮ ತಪ್ಪಿದರೆ ಕಣ್ಣಿಗೆ ಕಿರಿಕಿರಿ. ಅಕ್ಷರಗಳ ಸೆಟ್ ತಪ್ಪಿದರೆ ಆಗುವುದು ನಷ್ಟ. ಲ್ಯಾಟಿನ್ ಅಕ್ಷರಕ್ಕೆಂದು ಮಾಡಿದ ಕಾಲಂಗೆ ಕನ್ನಡ ತುಂಬಿದಾಗ ಹಳೆಯ ವ್ಯವಸ್ಥೆಗಳು ತಕರಾರಿಲ್ಲದೆ ಒಪ್ಪಿಕೊಂಡು ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳನ್ನು ಬರೆದಿಟ್ಟುಬಿಡುತ್ತಿದ್ದವು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕಾಲಂ ಯೂನಿಕೋಡ್ ಆಗಿದ್ದರೂ ಪದದ ಮುಂದೆ ‘ಎನ್’ ಎಂಬ ಒಂದಕ್ಷರ ಬಿಟ್ಟರೆ ಇದೇ ಗತಿ. ಆ ಪ್ರಶ್ನಾರ್ಥಕಗಳ ಹಿಂದೆ ಇದ್ದ ಹೆಸರನ್ನು ಯಾವ ಸೆಟ್ಟಿಂಗ್ ಬದಲಿಸಿದರೂ ಮರಳಿ ಪಡೆಯಲಾಗದು.

ಕಾಣುವುದು ಒಂದೇ, ಇರುವುದು ಎರಡು

ಹೈದರಾಬಾದಿಗೂ ಕನ್ನಡಕ್ಕೂ ಇರುವ ನಂಟು ಐಟಿ ಬಂದ ಮೇಲಿನದಲ್ಲ. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಬಲ್ಲವರಿಗೆ ಇದನ್ನು ಹೇಳಬೇಕಿಲ್ಲ. ಆದ್ದರಿಂದ ಇಲ್ಲಿನ ಯಾವುದೇ ಕನ್ನಡಿಗರ ಪಟ್ಟಿ ತೆಗೆದರೂ ಪಾಟೀಲ, ಹಿರೇಮಠ, ದೇಶಮುಖ, ಕುಲಕರ್ಣಿ, ಬಿರಾದಾರ ಸಾಲು ಸಾಲಾಗಿ ಸಿಗುತ್ತಾರೆ.

ಈಗ ‘ಪಾಟೀಲ’ ಎಂಬ ಹೆಸರನ್ನೇ ನೋಡೋಣ. ಇದರ ನಡುವಿನ ಟೀ ಅಕ್ಷರವನ್ನು ಕಂಪ್ಯೂಟರಿನಲ್ಲಿ ಎರಡು ರೀತಿ ಉಳಿಸಬಹುದು. ಟ ಕಾರದ ಜೊತೆ ದೀರ್ಘ ಈ ಸ್ವರದ ಒಂದೇ ಗುರುತು, ಸಂಖ್ಯೆ 3264. ಅಥವಾ ಹ್ರಸ್ವ ಇ ಗುರುತು 3263, ಅದರ ಮುಂದೆ ಬರೀ ದೀರ್ಘದ ಗುರುತು 3285. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಎರಡೂ ಸಮಾನ ಎಂದು ಯೂನಿಕೋಡ್ ಕೂಡ ಹೇಳುತ್ತದೆ. ಸಂಖ್ಯೆ ಮಾತ್ರ ಹೋಲಿಸುವ ಡೇಟಾಬೇಸಿಗೆ ಅವು ಬೇರೆ ಬೇರೆ ಪದಗಳು. ಹಿರೇಮಠದ ರೇ, ದೇಶಮುಖದ ದೇ ಅಕ್ಷರಕ್ಕೂ ಇದೇ ಕಥೆ. ನೇರವಾಗಿ ಟೈಪ್ ಮಾಡಿದ್ದು ಒಂದು ರೂಪದಲ್ಲಿದ್ದು, ಹಳೆಯ ಫಾಂಟಿನಿಂದ ಪರಿವರ್ತಿಸಿದ್ದು ಇನ್ನೊಂದು ರೂಪದಲ್ಲಿದ್ದರೆ ಒಂದೇ ಮನೆತನ ಎರಡಾಗಿ ಒಡೆಯುತ್ತದೆ.

ಎರಡನೆಯ ಕಳ್ಳ ಕಣ್ಣಿಗೇ ಕಾಣುವುದಿಲ್ಲ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಒತ್ತಕ್ಷರವಾಗದಂತೆ ತಡೆಯಲು ನಡುವೆ ಅಗಲವೇ ಇಲ್ಲದ ಒಂದು ಅಕ್ಷರ ಹಾಕುತ್ತೇವೆ. ಅದರ ಸಂಖ್ಯೆ 8204. ಹಾಕದಿದ್ದರೆ ‘ರಾಜ್ಕುಮಾರ್’ ಆಗುತ್ತದೆ. ಒಬ್ಬರು ಹಾಕಿ ಟೈಪ್ ಮಾಡಿದ್ದನ್ನು ಇನ್ನೊಬ್ಬರು ಹಾಕದೆ ಹುಡುಕಿದರೆ ಸಂಖ್ಯೆಯ ಹೋಲಿಕೆಯಲ್ಲಿ ಉತ್ತರ ಸೊನ್ನೆ. ಮೂರನೆಯದು ನುಕ್ತಾ. ಬೀದರಿನಿಂದ ಹೈದರಾಬಾದಿಗೆ ಬರುವ ದಾರಿಯಲ್ಲಿ ಸಿಗುವ ಊರನ್ನು ಜಹೀರಾಬಾದ್ ಎಂದು ಬರೆಯುವವರಿದ್ದಾರೆ, ಉರ್ದು ಬಲ್ಲವರು ಚುಕ್ಕಿ ಹಾಕಿ ಜ಼ಹೀರಾಬಾದ್ ಎಂದೂ ಬರೆಯುತ್ತಾರೆ. ಚುಕ್ಕಿ, ಗುರುತುಗಳ ವ್ಯತ್ಯಾಸ ಲೆಕ್ಕಿಸಬೇಡ ಎಂದು ಹೇಳುವ ಕೊಲೇಶನ್ ಇದ್ದರೆ ಎರಡೂ ಒಂದೇ. ಇಲ್ಲದಿದ್ದರೆ ಊರು ಎರಡು.

ಇದರಿಂದ ಆಗುವುದೇನು ಎನ್ನಲು ಒಂದು ಘಟನೆ ಸಾಕು. ಸಂಘದ ಹೆಸರು ಬೇಡ. ಮಹಾಸಭೆಯ ದಿನ ಬಾಗಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ಹುಡುಗ ಒಬ್ಬೊಬ್ಬರ ಹೆಸರು ಹುಡುಕಿ ಸಹಿ ಹಾಕಿಸಿಕೊಳ್ಳುತ್ತಿದ್ದ. ಬೀದರ್ ಕಡೆಯ ಹಿರಿಯರೊಬ್ಬರು ಬಂದರು. ಹುಡುಗ ಎರಡು ಸಲ ಟೈಪ್ ಮಾಡಿ ತಲೆಯೆತ್ತಿದ.

“ಕಾಕಾ, ನಿಮ್ಮ ಹೆಸರು ಲಿಸ್ಟಿನ್ಯಾಗ ಇಲ್ರಿ.”

“ಇಲ್ಲಂದ್ರ ಹ್ಯಾಂಗೋ ತಮ್ಮಾ? ವರ್ಷಾ ಚಂದಾ ಕೊಡ್ತೀನಲ್ಲ.”

“ಕಂಪ್ಯೂಟರ್ ತೋರ್ಸವಲ್ದು ರೀ. ಸ್ವಲ್ಪ ಬಾಜೂ ಕುಂದರ್ರಿ.”

ಅವರು ಬಾಜೂ ಕೂತರು. ಆಮೇಲೆ ಯಾರೋ ಹಳೆಯ ಪ್ರಿಂಟ್ ತಂದು ಬೆರಳಿಟ್ಟು ಹುಡುಕಿದಾಗ ಹೆಸರು ಅಲ್ಲೇ ಇತ್ತು. ಅಷ್ಟರಲ್ಲಿ ಒಳಗೆ ಕೈಯೆತ್ತಿ ಮತ ಹಾಕುವುದು ಮುಗಿದಿತ್ತು. ಆಮೇಲೆ ಆ ಫೈಲ್ ತೆರೆದು ನೋಡಿದಾಗ ಸಿಕ್ಕಿದ್ದು ಮೇಲೆ ಹೇಳಿದ ಟೀ ಅಕ್ಷರವೇ. ಡೇಟಾ ಸರಿಯಾಗಿತ್ತು, ಟೈಪ್ ಮಾಡಿದ್ದೂ ಸರಿಯಾಗಿತ್ತು. ಎರಡನ್ನೂ ಹೋಲಿಸುವ ನಿಯಮವನ್ನು ಮಾತ್ರ ಯಾರೂ ಆರಿಸಿರಲಿಲ್ಲ.

ವಿಂಗಡಣೆ ತಪ್ಪಿದರೆ ಹೆಸರು ಒಂದು ಪುಟ ಆಚೆಗೆ ಸಿಗುತ್ತದೆ. ಹುಡುಕಾಟ ತಪ್ಪಿದರೆ ‘ಸಿಗಲಿಲ್ಲ’ ಎಂಬುದು ‘ಇಲ್ಲ’ ಆಗುತ್ತದೆ. ಬಾಗಿಲಲ್ಲಿ ನಿಂತವರಿಗೆ ಆ ಎರಡರ ನಡುವಿನ ವ್ಯತ್ಯಾಸ ಯಾರೂ ವಿವರಿಸುವುದಿಲ್ಲ.

ಸೆಟ್ಟಿಂಗ್ ಉಳಿಯುವ ಮೂರು ಜಾಗಗಳು

ಡೀಫಾಲ್ಟ್ ಉಳಿಸುವುದು ಎಂದಾಗ ನಾವು ಮೂರು ಬೇರೆ ಬೇರೆ ಜಾಗಗಳನ್ನು ಬೆರೆಸಿ ಮಾತಾಡುತ್ತೇವೆ.

ಮೊದಲನೆಯದು ನಮ್ಮ ಮುಂದಿರುವ ಪರದೆ. ಸಣ್ಣ ಸಂಸ್ಥೆಗಳಲ್ಲಿ ಇಂದಿಗೂ ಬಹಳ ಕಡೆ ಇರುವ ಮೈಕ್ರೋಸಾಫ್ಟ್ ಆಕ್ಸೆಸ್ ನೋಡಿ. ಟೇಬಲನ್ನು ಒಂದು ಕಾಲಂ ಮೇಲೆ ವಿಂಗಡಿಸಿ ಸೇವ್ ಮಾಡಿದರೆ ಆ ಕ್ರಮ ಟೇಬಲಿನ ಜೊತೆಗೇ ಉಳಿಯುತ್ತದೆ. ಪ್ರಾಪರ್ಟಿಗಳಲ್ಲಿ ‘ಆರ್ಡರ್ ಬೈ ಆನ್ ಲೋಡ್’ ಎಂಬುದು ಹೌದು ಎಂದಿದ್ದರೆ ಮುಂದಿನ ಸಲ ತೆರೆದಾಗಲೂ ಅದೇ ಕ್ರಮ. ಅದರ ಪಕ್ಕದಲ್ಲೇ ‘ಫಿಲ್ಟರ್ ಆನ್ ಲೋಡ್’ ಇದೆ. ಇದು ಅಪಾಯದ್ದು. ಸಿಕಂದರಾಬಾದಿನ ಸದಸ್ಯರನ್ನಷ್ಟೇ ನೋಡಲು ನೀವು ಫಿಲ್ಟರ್ ಹಾಕಿ, ಇದನ್ನು ಹೌದು ಮಾಡಿ ಸೇವ್ ಮಾಡಿದಿರಿ ಎನ್ನಿ. ನಾಳೆ ತೆರೆದವರಿಗೆ ಕುಕಟಪಲ್ಲಿಯವರು, ಮಿಯಾಪುರದವರು ಕಾಣುವುದೇ ಇಲ್ಲ. ಕೆಳಗೆ ‘ಫಿಲ್ಟರ್ಡ್’ ಎಂದು ಸಣ್ಣದಾಗಿ ಬರೆದಿರುತ್ತದೆ, ಅದನ್ನು ನೋಡುವವರು ಕಡಿಮೆ. ವಿಂಗಡಣೆಯನ್ನು ಡೀಫಾಲ್ಟ್ ಆಗಿ ಉಳಿಸಬಹುದು, ಫಿಲ್ಟರನ್ನು ಉಳಿಸಬಾರದು. ಇದೊಂದು ನಿಯಮ ಇಟ್ಟುಕೊಂಡರೆ ಎಷ್ಟೋ ಜಗಳ ತಪ್ಪುತ್ತದೆ.

ಹುಡುಕಾಟಕ್ಕೂ ಆಕ್ಸೆಸ್‌ನಲ್ಲಿ ಡೀಫಾಲ್ಟ್ ಇದೆ. ಆಪ್ಷನ್ಸ್ ಒಳಗೆ ಕ್ಲೈಂಟ್ ಸೆಟ್ಟಿಂಗ್ಸ್‌ಗೆ ಹೋದರೆ ಮೂರು ಆಯ್ಕೆ ಸಿಗುತ್ತವೆ. ಫಾಸ್ಟ್ ಸರ್ಚ್ ಈಗಿರುವ ಕಾಲಂನಲ್ಲಿ ಇಡೀ ಪದ ಸರಿಹೊಂದಿದರೆ ಮಾತ್ರ ಹಿಡಿಯುತ್ತದೆ. ಜನರಲ್ ಸರ್ಚ್ ಎಲ್ಲ ಕಾಲಂಗಳಲ್ಲಿ, ಪದದ ಯಾವ ಭಾಗವಾದರೂ ಸರಿ ಎನ್ನುತ್ತದೆ. ಮೂರನೆಯದು ಕಾಲಂನ ಆರಂಭವನ್ನಷ್ಟೇ ನೋಡುತ್ತದೆ. ಮೊದಲಿಗೆ ಇರುವುದು ಫಾಸ್ಟ್. ‘ಪಾಟೀಲ’ ಎಂದು ಹುಡುಕಿದರೆ ‘ಪಾಟೀಲ ಶರಣಬಸಪ್ಪ’ ಸಿಗದಿರಲು ಇಷ್ಟೇ ಸಾಕು. ಇದು ಆ ಕಂಪ್ಯೂಟರಿನ ಸೆಟ್ಟಿಂಗ್, ಫೈಲಿನದ್ದಲ್ಲ. ನಿಮ್ಮಲ್ಲಿ ಸಿಕ್ಕದ್ದು ಬಾಗಿಲಲ್ಲಿ ಕೂತ ಹುಡುಗನ ಲ್ಯಾಪ್‌ಟಾಪಿನಲ್ಲಿ ಸಿಗದೇ ಇರಬಹುದು.

ಎರಡನೆಯ ಜಾಗ ಉಳಿಸಿಟ್ಟ ಕ್ವೆರಿ ಅಥವಾ ವ್ಯೂ. ಇಲ್ಲಿ ಒಂದು ಮೂಲಭೂತ ವಿಷಯ ನೆನಪಿಡಬೇಕು. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ರಿಲೇಶನಲ್ ಡೇಟಾಬೇಸಿನ ಕಲ್ಪನೆ ಮಂಡಿಸಿದಾಗಲೇ, ದಾಖಲೆಗಳು ಉಳಿದಿರುವ ಕ್ರಮವನ್ನು ಪ್ರೋಗ್ರಾಮುಗಳು ನಂಬಬಾರದು ಎಂದಿದ್ದರು. ಟೇಬಲ್ ಅಂದರೆ ಗೋಣಿಚೀಲದೊಳಗಿನ ಕಾಳು, ಹಾರಕ್ಕೆ ಪೋಣಿಸಿದ ಮಣಿಯಲ್ಲ. ಆರ್ಡರ್ ಬೈ ಎಂದು ಕೇಳದಿದ್ದರೆ ಯಾವ ಕ್ರಮದ ಭರವಸೆಯೂ ಇಲ್ಲ. ಇಷ್ಟು ದಿನ ಸದಸ್ಯ ಸಂಖ್ಯೆಯ ಪ್ರಕಾರವೇ ಬರುತ್ತಿತ್ತು ಎಂದರೆ ಅದು ಅದೃಷ್ಟ. ವ್ಯೂ ಒಳಗೆ ಆರ್ಡರ್ ಬೈ ಬರೆದಿಟ್ಟರೆ ಆಯಿತಲ್ಲ ಎನ್ನುವವರೂ ಇದ್ದಾರೆ. ಎಸ್‌ಕ್ಯೂಎಲ್ ಸರ್ವರ್ 2005ರಿಂದ ಅಂಥ ಆರ್ಡರ್ ಬೈ ಅನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಕ್ರಮ ಬೇಕಾದರೆ ವ್ಯೂ ಓದುವ ಕ್ವೆರಿಯಲ್ಲಿ, ಅಂದರೆ ಕಟ್ಟಕಡೆಯ ಹಂತದಲ್ಲಿ ಕೇಳಬೇಕು.

ಮೂರನೆಯ ಜಾಗ ಡೇಟಾಬೇಸ್ ಮತ್ತು ಕಾಲಂ. ಎಲ್ಲರಿಗೂ ಒಂದೇ ಆಗಬೇಕಾದ ನಿಯಮ, ಅಂದರೆ ಕೊಲೇಶನ್, ಇರಬೇಕಾದದ್ದು ಇಲ್ಲಿ. ಒರಾಕಲ್‌ನಲ್ಲಿ ವಿಂಗಡಣೆಯ ನಿಯಮ ಸಾಮಾನ್ಯವಾಗಿ ಬಳಸುವವರ ಸೆಷನ್‌ನಿಂದ ಬರುತ್ತದೆ. ಒಂದೇ ಕ್ವೆರಿ ಇಬ್ಬರಿಗೆ ಎರಡು ಕ್ರಮದಲ್ಲಿ ಕಾಣುವುದು ಹೀಗೆ. ಪೋಸ್ಟ್‌ಗ್ರೆಸ್ ಈ ವಿಷಯದಲ್ಲಿ ಕನ್ನಡಕ್ಕೆ ಒಳ್ಳೆಯ ಮಿತ್ರ. 2017ರ 10ನೆಯ ಆವೃತ್ತಿಯಿಂದ ಅದು ಐಸಿಯು ಎಂಬ ಲೈಬ್ರರಿಯ ಮೂಲಕ ಯೂನಿಕೋಡ್‌ನ ಕನ್ನಡ ನಿಯಮವನ್ನು ನೇರವಾಗಿ ಬಳಸಬಲ್ಲದು. 2022ರ 15ನೆಯ ಆವೃತ್ತಿಯಿಂದ ಇಡೀ ಡೇಟಾಬೇಸಿಗೇ ಅದನ್ನು ಡೀಫಾಲ್ಟ್ ಮಾಡಬಹುದು. ನೀವು ಹೇಳದಿದ್ದರೆ ಅದು ಆಪರೇಟಿಂಗ್ ಸಿಸ್ಟಂನ ಕ್ರಮವನ್ನೇ ನಂಬುತ್ತದೆ. ಹಾಗೆ ನಂಬಿದವರಿಗೆ 2018ರಲ್ಲಿ ಪೆಟ್ಟು ಬಿತ್ತು. ಲಿನಕ್ಸ್‌ನ ಜಿಲಿಬ್‌ಸಿ 2.28 ಆವೃತ್ತಿಯಲ್ಲಿ ವಿಂಗಡಣೆಯ ನಿಯಮಗಳು ಬದಲಾದವು. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸ್‌ಗಳು ಹೊಸ ಕ್ರಮದಲ್ಲಿ ಹುಡುಕಿದಾಗ ಇದ್ದ ದಾಖಲೆಯನ್ನೇ ಇಲ್ಲ ಎಂದವು. ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಬೇಕಾಯಿತು.

ಡೀಫಾಲ್ಟ್ ಬದಲಾದರೆ ಹಳೆಯದು ಬದಲಾಗದು

ಇದು ಗೊತ್ತಾದ ಮೇಲೆ ಎಲ್ಲರೂ ಮಾಡುವ ಕೆಲಸ ಡೇಟಾಬೇಸಿನ ಡೀಫಾಲ್ಟ್ ಬದಲಿಸುವುದು. ಬದಲಿಸಿ ನೋಡಿದರೆ ಬಳ್ಳಾರಿ ಅಲ್ಲೇ ಇರುತ್ತದೆ.

ಕಾರಣ ಸರಳ. ಡೀಫಾಲ್ಟ್ ಎಂಬುದು ಮುಂದೆ ಹುಟ್ಟುವವರಿಗೆ ಕೊಟ್ಟ ಸೂಚನೆ. ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾಬೇಸಿನ ಡೀಫಾಲ್ಟ್ ಬದಲಿಸಿದರೆ ಹೊಸ ಟೇಬಲ್‌ಗಳಿಗಷ್ಟೇ ಅನ್ವಯ, ಹಳೆಯ ಟೇಬಲ್‌ಗಳನ್ನು ಒಂದೊಂದಾಗಿ ಪರಿವರ್ತಿಸಬೇಕು. ಎಸ್‌ಕ್ಯೂಎಲ್ ಸರ್ವರ್‌ನಲ್ಲೂ ಹಳೆಯ ಕಾಲಂಗಳು ತಮ್ಮ ಹಳೆಯ ಕೊಲೇಶನನ್ನೇ ಹಿಡಿದುಕೊಂಡಿರುತ್ತವೆ. ಆಮೇಲೆ ಹಳೆಯ ಕಾಲಂ ಮತ್ತು ಹೊಸ ಕಾಲಂ ಜೋಡಿಸಲು ಹೋದರೆ ಕೊಲೇಶನ್ ಹೊಂದುತ್ತಿಲ್ಲ ಎಂಬ ದೂರು. ಪೋಸ್ಟ್‌ಗ್ರೆಸ್‌ನಲ್ಲಿ ಡೇಟಾಬೇಸ್ ಸೃಷ್ಟಿಸುವಾಗ ಕೊಟ್ಟ ಕ್ರಮವನ್ನು ಆಮೇಲೆ ಬದಲಿಸಲಾಗದು, ಹೊಸದು ಕಟ್ಟಿ ಡೇಟಾ ಸಾಗಿಸಬೇಕು. ಆಕ್ಸೆಸ್‌ನಲ್ಲಿ ವಿಂಗಡಣೆಯ ಭಾಷೆ ಬದಲಿಸಿದರೆ ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ಮಾಡುವವರೆಗೆ ಹಳೆಯ ಫೈಲಿಗೆ ತಿಳಿಯುವುದೇ ಇಲ್ಲ.

ಹಾಗಾಗಿ ಕೊಲೇಶನ್ ಆರಿಸಬೇಕಾದದ್ದು ಮೊದಲ ದಿನ, ಖಾಲಿ ಟೇಬಲ್ ಮುಂದೆ ಕೂತಾಗ. ಆ ದಿನ ಐದು ನಿಮಿಷದ ಕೆಲಸ ಅದು. ಹತ್ತು ವರ್ಷದ ನಂತರ ವಾರಾಂತ್ಯಗಳ ಕೆಲಸ.

ಯಾವ ಹೆಸರಿನ ಮೇಲೆ ವಿಂಗಡಣೆ?

ಕೊಲೇಶನ್ ಸರಿಮಾಡಿದ ಮೇಲೂ ಹೈದರಾಬಾದಿನ ಪಟ್ಟಿಯಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಮೈಸೂರು, ಮಂಡ್ಯ ಕಡೆಯವರ ಹೆಸರಿನ ಮುಂದೆ ಊರು, ತಂದೆಯ ಇನಿಷಿಯಲ್‌ಗಳಿರುತ್ತವೆ. ಬೀದರ್, ಕಲಬುರಗಿಯವರು ಮೊದಲು ತಮ್ಮ ಹೆಸರು, ನಂತರ ತಂದೆಯದು, ಕೊನೆಗೆ ಮನೆತನ ಬರೆಯುತ್ತಾರೆ. ಇಲ್ಲಿನ ತೆಲುಗರಲ್ಲಿ ಇಂಟಿಪೇರು ಮೊದಲು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳ ಶಾಲೆಯ ದಾಖಲೆಯಲ್ಲಿ ಹೆಸರು ತೆಲುಗಿನ ಕ್ರಮಕ್ಕೆ ತಿರುಗಿರುವುದೂ ಉಂಟು. ಒಂದೇ ಮನೆಯ ಅಪ್ಪ ಮಗ ಪಟ್ಟಿಯ ಎರಡು ತುದಿಗೆ ಹೋಗಿ ಬೀಳುತ್ತಾರೆ.

ಇದಕ್ಕೆ ಗ್ರಂಥಾಲಯದವರ ಹಳೆಯ ಉಪಾಯವೇ ಮದ್ದು. ಹೆಸರನ್ನು ಅವರು ಬರೆದ ಹಾಗೆಯೇ ಒಂದು ಕಾಲಂನಲ್ಲಿಡಿ. ವಿಂಗಡಣೆಗೆಂದೇ ಇನ್ನೊಂದು ಕಾಲಂ ಮಾಡಿ, ಯಾವ ಪದದ ಮೇಲೆ ಹೆಸರು ಸಿಗಬೇಕು ಎಂದು ಅವರನ್ನೇ ಕೇಳಿ ತುಂಬಿ. ಕಾಣುವುದು ಮೊದಲನೆಯದು, ಕ್ರಮ ಎರಡನೆಯದರದು.

ಲಿಪಿಗಳು ಬೆರೆತ ಪಟ್ಟಿಗೂ ಒಂದು ಮಾತು. ಕೆಲವರು ಕನ್ನಡದಲ್ಲಿ, ಕೆಲವರು ಇಂಗ್ಲಿಷಿನಲ್ಲಿ, ಕೆಲವರು ತೆಲುಗಿನಲ್ಲಿ ಹೆಸರು ಬರೆದುಕೊಟ್ಟಿರುತ್ತಾರೆ. ಯೂನಿಕೋಡ್‌ನ ಸಾಮಾನ್ಯ ಕ್ರಮದಲ್ಲಿ ಇಂಗ್ಲಿಷ್ ಹೆಸರುಗಳೆಲ್ಲ ಮೊದಲು, ನಂತರ ತೆಲುಗು, ಆಮೇಲೆ ಕನ್ನಡ. ಕನ್ನಡದ ನಿಯಮ ಆರಿಸಿದರೆ ಕನ್ನಡ ಹೆಸರುಗಳು ಮುಂದೆ ಬರುತ್ತವೆ. ಸದಸ್ಯ ಸಂಖ್ಯೆಯನ್ನು ಪಠ್ಯವಾಗಿ ಉಳಿಸಿದ್ದರೆ 1, 10, 100, 2 ಎಂದು ಬರುವ ತೊಂದರೆಗೂ ಐಸಿಯುನಲ್ಲಿ ಪರಿಹಾರವಿದೆ. ಅಂಕಿಗಳನ್ನು ಅಂಕಿಗಳಾಗಿಯೇ ಹೋಲಿಸು ಎನ್ನುವ ಆಯ್ಕೆಯ ಸಂಕೇತ ‘ಕೆಎನ್’. ಕನ್ನಡ ಭಾಷೆಯ ಸಂಕೇತವೂ ‘ಕೆಎನ್’. ಎರಡೂ ಬೇಕೆಂದರೆ ಒಂದೇ ಸಾಲಿನಲ್ಲಿ ಎರಡು ಸಲ ಕೆಎನ್ ಬರೆಯಬೇಕು. ಯಾರೋ ತಪ್ಪಿ ಎರಡು ಸಲ ಬರೆದಿದ್ದಾರೆ ಎಂದು ಒಂದನ್ನು ಅಳಿಸಬೇಡಿ.

ಎಕ್ಸೆಲ್‌ನಲ್ಲೇ ಪಟ್ಟಿ ಇಟ್ಟವರಿಗೆ ಒಂದೇ ಎಚ್ಚರಿಕೆ. ಒಂದು ಕಾಲಂ ಮಾತ್ರ ಆಯ್ದು ವಿಂಗಡಿಸಬೇಡಿ. ಹೆಸರು ಜಾಗ ಬದಲಿಸುತ್ತದೆ, ಫೋನ್ ನಂಬರ್ ಅಲ್ಲೇ ಇರುತ್ತದೆ. ಆಮೇಲೆ ಯಾರ ನಂಬರ್ ಯಾರದು ಎಂದು ಹೇಳುವವರಿಲ್ಲ.

ಯಾವ ಕೊಲೇಶನ್‌ಗೂ ಬಗ್ಗದ ಸಂಗತಿಗಳೂ ಇವೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಹಳೆಯ ಅರ್ಜಿಯಲ್ಲಿ ಗುಲ್ಬರ್ಗಾ, ಹೊಸದರಲ್ಲಿ ಕಲಬುರಗಿ, ಕೆಲವರದ್ದು ಕಲ್ಬುರ್ಗಿ. ಕೃಷ್ಣ ಎಂದು ಬರೆಯುವವರೂ ಕ್ರಿಷ್ಣ ಎಂದು ಬರೆಯುವವರೂ ಒಂದೇ ಪಟ್ಟಿಯಲ್ಲಿರುತ್ತಾರೆ. ಇವು ಹೋಲಿಕೆಯ ನಿಯಮದ ಪ್ರಶ್ನೆಯಲ್ಲ, ತಿಳಿವಳಿಕೆಯ ಪ್ರಶ್ನೆ. ‘ಇದೂ ಅದೇ’ ಎಂದು ಹೇಳುವ ಪರ್ಯಾಯ ಹೆಸರುಗಳ ಒಂದು ಪುಟ್ಟ ಟೇಬಲ್ ಬೇಕು, ಅದನ್ನು ತುಂಬಲು ಊರು ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿ ಕೂರಬೇಕು.

ಈ ವಾರಾಂತ್ಯದ ಕೆಲಸ

ನಿಮ್ಮ ಕೈಯಲ್ಲಿ ಯಾವುದಾದರೂ ಕನ್ನಡ ಪಟ್ಟಿ ಇದ್ದರೆ ಒಂದು ಸಂಜೆ ಇಷ್ಟು ಮಾಡಿ.

ಪಟ್ಟಿಯ ಪ್ರತಿ ಇಟ್ಟುಕೊಂಡು, ಅದರ ಮೇಲೆ ಐದು ಊರುಗಳ ಪರೀಕ್ಷೆ ನಡೆಸಿ. ಬಸವಕಲ್ಯಾಣ ಮೊದಲು ಬಂದರೆ ಭಾಷೆಯ ಕ್ರಮ, ಬಳ್ಳಾರಿ ಬಂದರೆ ಸಂಖ್ಯೆಯ ಕ್ರಮ. ‘ರಾಜ್‌ಕುಮಾರ್’ ಮತ್ತು ‘ರಾಜ್ಕುಮಾರ್’ ಎರಡನ್ನೂ ತುಂಬಿ, ಒಂದನ್ನು ಹುಡುಕಿ. ಎರಡೂ ಸಿಗುತ್ತವೆಯೇ ನೋಡಿ. ಡೇಟಾ ಒಳಗೆ ಬರುವ ಬಾಗಿಲಲ್ಲೇ ಪದಗಳನ್ನು ಒಂದೇ ಯೂನಿಕೋಡ್ ರೂಪಕ್ಕೆ ತನ್ನಿ. ಎನ್ಎಫ್‌ಸಿ ಎಂಬ ಈ ಕ್ರಮ ಈಗಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸಾಮಾನ್ಯವಾಗಿ ಸಿದ್ಧವಾಗಿಯೇ ಸಿಗುತ್ತದೆ. ಪಾಟೀಲರ ಎರಡು ಟೀ ಒಂದಾಗಲು ಇಷ್ಟು ಸಾಕು. ಕಾಣದ 8204 ಇದರಿಂದ ಹೋಗುವುದಿಲ್ಲ. ಅದನ್ನು ತೆಗೆದ ಪ್ರತಿಯೊಂದನ್ನು ಹುಡುಕಾಟಕ್ಕೆಂದು ಬೇರೆ ಕಾಲಂನಲ್ಲಿಡಿ, ಹುಡುಕುವವರು ಟೈಪ್ ಮಾಡಿದ ಪದದಿಂದಲೂ ತೆಗೆಯಿರಿ. ಆರಿಸಿದ ಕೊಲೇಶನ್ ಯಾವುದು, ಯಾಕೆ, ಯಾವ ತಾರೀಖಿನಂದು ಎಂದು ಡೇಟಾಬೇಸಿನ ಒಳಗೇ ಒಂದು ಟೇಬಲಿನಲ್ಲಿ ಬರೆದಿಡಿ. ಪದಾಧಿಕಾರಿಗಳು ಬದಲಾಗುತ್ತಾರೆ, ಲ್ಯಾಪ್‌ಟಾಪ್ ಬದಲಾಗುತ್ತದೆ, ಆ ಟೇಬಲ್ ಮಾತ್ರ ಡೇಟಾದ ಜೊತೆಗೇ ಹೋಗುತ್ತದೆ.

ಕೊನೆಗೆ, ಹುಡುಕಿದ್ದು ಸಿಗದಾಗ ಪರದೆಯ ಮೇಲೆ ಬರುವ ಸಂದೇಶವನ್ನು ಬದಲಿಸಿ. ‘ಸದಸ್ಯರಿಲ್ಲ’ ಎಂದಿದ್ದರೆ ಅಳಿಸಿ, ‘ಈ ಕಾಗುಣಿತದಲ್ಲಿ ಸಿಗಲಿಲ್ಲ, ಫೋನ್ ನಂಬರಿನಿಂದ ಹುಡುಕಿ’ ಎಂದು ಬರೆಯಿರಿ. ನಂಬರಿಗೆ ಳ ಕಾರವೂ ಇಲ್ಲ, ದೀರ್ಘವೂ ಇಲ್ಲ. ಬಂದವರನ್ನು ಬಾಜೂ ಕೂರಿಸುವ ಮೊದಲು ಇನ್ನೊಂದು ಸಲ ಹುಡುಕಲು ಆ ಒಂದು ಸಾಲು ನೆನಪಿಸುತ್ತದೆ.